ಪರದೆಯ ಮೇಲಿನ ಆರು ಮುಖಗಳು

ಯಾರನ್ನು ಕಂಡರೆ ಹೊಟ್ಟೆಕಿಚ್ಚು ಎಂದು ಕೇಳಿದರೆ ನಮ್ಮ ಕಡೆಯ ಹೆಂಗಸರು ಓರಗಿತ್ತಿಯ ಮನೆ ಕಡೆಗೋ ನಾದಿನಿಯ ಮನೆ ಕಡೆಗೋ ಗದ್ದ ತಿರುಗಿಸುತ್ತಾರೆ. ನಾನು ತೋರಿಸಬೇಕಾದರೆ ಕೋಲಾರದ ಬಸ್ಸು ಹತ್ತಬೇಕು. ಅಲ್ಲಿ ಒಂದು ಕಟ್ಟಡದ ಮಹಡಿಯ ಮೇಲೆ, ಕಿಟಕಿ ಪಕ್ಕದ ಮೇಜಿನಲ್ಲಿ, ಅಂಚು ಸ್ವಲ್ಪ ಒಡೆದಿರುವ ಒಂದು ಕಂಪ್ಯೂಟರ್ ಇದೆ. ನನ್ನ ಸವತಿ ಅದೇ.

ನಮ್ಮ ಯಜಮಾನರಿಗೆ ಸ್ಕಿಜೋಫ್ರೇನಿಯಾ. ಮಗಳು ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದ ಕಾಲದಲ್ಲಿ ಶುರುವಾದದ್ದು. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನುತ್ತಿದ್ದರು. ಯಲ್ದೂರಿನ ಈಚೆಗಿರುವ ನಮ್ಮೂರಲ್ಲಿ ಎಲ್ಲರ ಮನೆಯ ಮಾತೂ ಅರ್ಧ ಕನ್ನಡ, ಅರ್ಧ ತೆಲುಗು. ಅವರ ಕಿವಿಯಲ್ಲಿ ಮಾತಾಡುತ್ತಿದ್ದವರು ಮಾತ್ರ ಪೂರಾ ತೆಲುಗಿನವರು. ಮಾತ್ರೆ ಹಿಡಿಸಿದ ಮೇಲೆ ಆ ದನಿಗಳು ಒಂದೊಂದಾಗಿ ತಣ್ಣಗಾದವು. ಆದರೆ ಕಾಯಿಲೆ ಇನ್ನೂ ಏನನ್ನೋ ತೆಗೆದುಕೊಂಡಿತ್ತು, ಅದನ್ನು ಮಾತ್ರೆ ವಾಪಸ್ಸು ತರಲಿಲ್ಲ. ಒಂದು ಕೆಲಸ ಮುಗಿದ ಮೇಲೆ ಮುಂದಿನದು ಯಾವುದು ಎನ್ನುವುದು ಅವರಿಗೆ ಹೊಳೆಯುತ್ತಿರಲಿಲ್ಲ. ಬಚ್ಚಲಿಗೆ ಹೋದವರು ಚೊಂಬು ಹಿಡಿದು ನಿಂತೇ ಇರುತ್ತಿದ್ದರು. ಅಂಗಡಿಗೆ ಹೋದವರು, ಏನು ಬೇಕೆಂದು ಅಂಗಡಿಯವನು ಕೇಳಿದ ಕೂಡಲೇ ತಿರುಗಿ ಮನೆಗೆ ಬರುತ್ತಿದ್ದರು. ಎದುರಿಗಿದ್ದವರ ಮುಖ ನೋಡುವುದನ್ನೂ ಬಿಟ್ಟರು. ಸೋಮಾರಿತನ ಎಂದವರುಂಟು, ಕೊಬ್ಬು ಎಂದವರೂ ಉಂಟು.

ಆಗಿನಿಂದ ಅವರ ದಿನವನ್ನು ನಾನು ಬಾಯಲ್ಲೇ ನಡೆಸಿಕೊಂಡು ಬಂದೆ. ಒಲೆಯ ಮುಂದೆ ಮುದ್ದೆ ತಿರುವುತ್ತಾ ಬಚ್ಚಲ ಕಡೆಗೆ ಹೇಳುತ್ತಿದ್ದೆ: ನೀರು ಹಾಕ್ಕೊಳ್ಳಿ, ಸೋಪು ಹಚ್ಚಿ, ಕಿವಿ ಹಿಂದೆ, ಈಗ ನೀರು, ಸಾಕು, ಟವಲ್ಲು ಬಲಗಡೆ ಇದೆ. ನೀರಿನ ಸದ್ದಿನಲ್ಲೇ ಅವರು ಎಲ್ಲಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಊಟಕ್ಕೆ ಕೂತರೆ ಸಾರು ಕಲಸಿಕೊಳ್ಳಿ ಎನ್ನಬೇಕು, ಕೈ ತೊಳೆಯಿರಿ ಎನ್ನಬೇಕು. ಬೇಸರವಾಗಲಿಲ್ಲವೇ ಎಂದು ಕೇಳಿದವರಿದ್ದಾರೆ. ಬೇಸರ ಆಗಿದೆ, ಇಲ್ಲವೆನ್ನಲಾರೆ. ಆದರೆ ಇಡೀ ಊರಿನಲ್ಲಿ ಅವರು ಒಬ್ಬರ ಮಾತನ್ನು ಮಾತ್ರ ಕೇಳುತ್ತಾರೆ, ಅದು ನಾನು, ಎನ್ನುವ ಹೆಚ್ಚುಗಾರಿಕೆಯೂ ಒಳಗೆ ಇತ್ತು.

ನಮ್ಮದು ರೇಷ್ಮೆ ಮೇಯಿಸುವ ಮನೆ. ಹಿತ್ತಲಲ್ಲಿ ಹುಳು ಮನೆ, ಅದರಾಚೆ ಹಿಪ್ಪುನೇರಳೆ ಸೊಪ್ಪಿನ ತೋಟ. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಮೇವು ಬಿಟ್ಟು, ತಲೆ ಮೇಲೆತ್ತಿ, ಅಲ್ಲಾಡದೆ ಕೂತು ಚರ್ಮ ಕಳಚುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು. ಸುಣ್ಣದ ಪುಡಿ ಉದುರಿಸಿ ಅದರ ಪಾಡಿಗೆ ಬಿಡಬೇಕು. ಎಲ್ಲವೂ ಎದ್ದ ಮೇಲೆ ಒಟ್ಟಿಗೆ ಹಾಕಬೇಕು. ಮೊದಲು ಎದ್ದವು ಹಸಿದಿವೆ ಎಂದು ಕನಿಕರಪಟ್ಟು ಹಾಕಿಬಿಟ್ಟರೆ ಅವು ಮುಂದೆ ಹೋಗುತ್ತವೆ, ಮಿಕ್ಕವು ಹಿಂದೆ ಬೀಳುತ್ತವೆ, ಬೆಳೆ ಏರುಪೇರಾಗುತ್ತದೆ. ಕಾಯಿಲೆಗೆ ಮುಂಚೆ ಇದನ್ನೆಲ್ಲ ನೋಡುವ ಕಣ್ಣು ಯಜಮಾನರದೇ ಆಗಿತ್ತು. ನಮ್ಮ ಮಾವನವರಿಂದ ಬಂದ ಕಣ್ಣು. ಆಮೇಲೆ ಅವರು ಕೈ ಆದರು, ನಾನು ಕಣ್ಣೂ ಬಾಯೂ ಆದೆ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಮಾಲೂರಿಗೆ ಕೊಟ್ಟ ಮಗಳು ಎರಡನೆಯ ಸಲ ಬಸುರಿಯಾದಳು.

ಮೊದಲನೆಯ ಬಾಣಂತನದ ಮಾತನ್ನು ಇಲ್ಲಿ ಹೇಳಲೇಬೇಕು. ಚೊಚ್ಚಲ ಹೆರಿಗೆ ತೌರಿನದು. ಆದರೆ ಬೀಗರು ಮೆತ್ತಗೆ, ನಗುನಗುತ್ತಲೇ, ನಿಮ್ಮ ಮನೆಯಲ್ಲಿ ನಿಮಗೇ ಒಂದು ಮಗು ಇದೆಯಲ್ಲ, ಇನ್ನೆರಡನ್ನು ಹೇಗೆ ನೋಡುತ್ತೀರಿ ಎಂದರು. ಮಾತು ಸುಳ್ಳಲ್ಲ. ಬಾಣಂತನ ಬೀಗಿತ್ತಿಯೇ ಮಾಡಿದರು. ನಾನು ಬೆಳಗಿನ ಬಸ್ಸಿಗೆ ಹೋಗಿ, ಕೋಲಾರದಲ್ಲಿ ಇಳಿದು ಹತ್ತಿ, ಮಾಲೂರು ಸೇರಿ, ನೆಂಟರ ಹಾಗೆ ಕೂತು, ಕಾಫಿ ಕುಡಿದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸಂಜೆಯೊಳಗೆ ವಾಪಸ್ಸು. ಬಚ್ಚಲಿನಿಂದ ಬಂದ ಮಗಳ ಕೂದಲಿಗೆ ಬೀಗಿತ್ತಿ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರೆ, ಆ ಹೊಗೆ ನನ್ನ ಕಣ್ಣಿಗೆ ಬಂದಷ್ಟು ಬೇರೆ ಯಾರ ಕಣ್ಣಿಗೂ ಬರಲಿಲ್ಲ. ಈಗ ಬೀಗಿತ್ತಿಗೆ ಮಂಡಿ ನೋವು, ಕೂತರೆ ಏಳಲಾರರು. ದೊಡ್ಡ ಮೊಮ್ಮಗಳಿಗೆ ಅಲ್ಲೇ ಶಾಲೆ. ಮಗಳು ಫೋನಿನಲ್ಲಿ, ಅಮ್ಮಾ, ಈ ಸಲ ನೀನೇ ಬಂದು ಇರಬೇಕು ಎಂದಳು. ಬರುತ್ತೇನೆ ಎಂದು ಬಾಯಿ ಅಂದುಬಿಟ್ಟಿತು. ಫೋನು ಇಟ್ಟ ಮೇಲೆ ನೋಡಿದರೆ ಯಜಮಾನರು ಜಗಲಿಯಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದಕ್ಕೆ ನನ್ನ ಮಾತು ಕಾಯುತ್ತಾ ಕೂತಿದ್ದರು.

ಮೈದುನನ ಮನೆಯಲ್ಲಿ ಬಿಟ್ಟು ಹೋಗಬಹುದಿತ್ತು. ಹಿಂದೊಮ್ಮೆ ಬಿಟ್ಟಿದ್ದೆ. ಓರಗಿತ್ತಿ ಹೊತ್ತಿಗೆ ಸರಿಯಾಗಿ ಊಟ ಹಾಕಿದ್ದಳು, ಅದರಲ್ಲಿ ಕೊರತೆಯಿಲ್ಲ. ಏಳಿ ಎನ್ನುವವರಿಲ್ಲದೆ ಇವರು ಚಾಪೆ ಬಿಟ್ಟೇ ಎದ್ದಿರಲಿಲ್ಲ.

ಮಾತ್ರೆಗೆ ಹೋದಾಗ ಡಾಕ್ಟರಿಗೆ ಈ ಕಷ್ಟ ಹೇಳಿಕೊಂಡೆ. ದನಿಗಳಿಗೆ ಮಾತ್ರೆ ಇದೆ, ಗಮನಕ್ಕೆ, ನೆನಪಿಗೆ ಮಾತ್ರೆ ಸಾಲದು, ಅದಕ್ಕೆ ಅಭ್ಯಾಸ ಬೇಕು ಎಂದು ಅವರು ಕೋಲಾರದ ಆ ಜಾಗ ಹೇಳಿದರು. ಕಂಪ್ಯೂಟರಿನಲ್ಲಿ ಆಟದ ಹಾಗೆ ಇರುತ್ತದಂತೆ. ಎಲ್ಲರಿಗೂ ಒಂದೇ ಸಮ ಹಿಡಿಸುವುದಿಲ್ಲ, ಮಾತ್ರೆಯಂತೂ ನಿಲ್ಲಿಸಬಾರದು, ಆದರೂ ಮಾಡಿ ನೋಡಿ ಎಂದರು. ವಾರಕ್ಕೆ ಎರಡು ದಿನ ನಮ್ಮ ಬಸ್ಸಿನ ಓಡಾಟ ಹೀಗೆ ಶುರುವಾಯಿತು.

ಅಲ್ಲಿ ಕಲಿಸುವ ಮೇಡಂಗೆ ನನ್ನ ಮಗಳ ವಯಸ್ಸು. ಇಸ್ತ್ರಿ ಮಾಡಿದ ಕಾಟನ್ ಚೂಡಿದಾರ, ಕೈಗೆ ಗಡಿಯಾರ, ದನಿ ಏರುವುದೇ ಇಲ್ಲ. ಮೊದಲ ದಿನ ಯಜಮಾನರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಹಕ್ಕಿಗಳು ಒಂದೊಂದಾಗಿ ಬರುತ್ತವೆ, ಹಳದಿಯದು ಬಂದಾಗ ಮಾತ್ರ ಒತ್ತಬೇಕು ಎಂದು ವಿವರಿಸಿದರು. ಹಕ್ಕಿ ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಇವರು ಪರದೆ ನೋಡಲಿಲ್ಲ. ಕತ್ತು ಹಿಂದಕ್ಕೆ ತಿರುಗಿಸಿ ನನ್ನ ಕಡೆ ಕಿವಿ ಕೊಟ್ಟು ಕೂತರು.

"ಬಂತಲ್ಲ ರೀ ಹಳದೀದು, ಒತ್ತಿ" ಎಂದೆ. ಒತ್ತಿದರು. ಕಂಪ್ಯೂಟರ್ ಟಿಣ್ ಎಂದಿತು. ಮೇಡಂ ನನ್ನ ಕಡೆ ನೋಡಿ, ಅಮ್ಮಾ ನೀವು ಸ್ವಲ್ಪ ಹೊರಗೆ ಕೂತ್ಕೊಳ್ತೀರಾ ಎಂದರು.

ಹೊರಗಿನ ಬೆಂಚಿನ ಮೇಲೆ ಆಗಲೇ ಒಬ್ಬರು ಕೂತಿದ್ದರು. ಮುಳಬಾಗಿಲಿನವರು, ಬಳೆ ವ್ಯಾಪಾರದ ಮನೆತನ, ಮಗಳನ್ನು ಇದೇ ತರಬೇತಿಗೆ ಕರೆತರುತ್ತಿದ್ದರು. ಬುರ್ಖಾದ ಮುಸುಕು ಹಿಂದಕ್ಕೆ ಹಾಕಿಕೊಂಡು ಎಲೆಯಡಿಕೆ ಮೆಲ್ಲುತ್ತಿದ್ದವರು ನನ್ನನ್ನು ನೋಡಿ ನಕ್ಕರು.

"ಕ್ಯಾ ಅಕ್ಕಾ, ನಿಮ್ಗೂ ಆಚೆ ಹಾಕ್ಬುಟ್ರಾ?"

ಆ ಬೆಂಚಿನಲ್ಲಿ ನಮಗೆ ಗೆಳೆತನವಾಯಿತು, ಹೊಟ್ಟೆಕಿಚ್ಚೂ ಆಯಿತು. ಆಕೆಯ ಮಗಳು ಇಪ್ಪತ್ತೈದರ ಹುಡುಗಿ, ಮಾತು ಕಡಿಮೆ, ಪರದೆಯ ಮುಂದೆ ಕೂತರೆ ಮಾತ್ರ ಬೆರಳು ಸರಸರ. ಚಿಕ್ಕಂದಿನಿಂದ ಬಳೆ ಬಣ್ಣ ಬೇರೆ ಮಾಡಿದ ಕೈಯಂತೆ. ಇವತ್ತು ಎಷ್ಟನೇ ಲೆವೆಲ್ಲು ಎಂದು ನಾವು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು, ಮಕ್ಕಳ ಪರೀಕ್ಷೆಯ ಮಾರ್ಕ್ಸು ಕೇಳುವ ಹಾಗೆ. ಆಕೆಯದು ಯಾವಾಗಲೂ ಮುಂದೆ. ಒಳ್ಳೇದಾಯ್ತು ಎನ್ನುತ್ತಿದ್ದೆ. ಒಳಗೆ ಮಾತ್ರ, ಹಕ್ಕಿಯ ಬದಲು ಹುಳ ಇಟ್ಟಿದ್ದರೆ ಯಾರು ಮುಂದೆಂದು ನೋಡಬಹುದಿತ್ತು ಎನ್ನಿಸುತ್ತಿತ್ತು.

ಬೆಂಚಿನ ಎದುರಿಗೆ ಕಿಟಕಿ. ಗಾಜಿನ ಮೂಲಕ ಯಜಮಾನರಿಗೆ ನಾನು ಕಾಣುತ್ತಿದ್ದೆ, ನನಗೆ ಪರದೆ ಕಾಣುತ್ತಿತ್ತು. ಹಳದಿ ಹಕ್ಕಿ ಬಂದಾಗ ನನ್ನ ಗದ್ದ ತಾನಾಗಿಯೇ ಕೆಳಗಿಳಿಯುತ್ತಿತ್ತು, ಅವರು ಒತ್ತುತ್ತಿದ್ದರು. ಇದನ್ನು ನಾನು ಮೋಸವೆಂದುಕೊಳ್ಳಲಿಲ್ಲ, ಈಗಲೂ ಅಂದುಕೊಳ್ಳುವುದಿಲ್ಲ. ಅಷ್ಟು ವರ್ಷ ಜೊತೆಗೆ ಬಂಡಿ ಎಳೆದ ಎತ್ತಿಗೆ ನೊಗ ಬಿಟ್ಟರೂ ಕತ್ತು ಆಡುತ್ತದೆ. ಲೆವೆಲ್ಲು ಏರಿತು. ಬಳೆಯವರ ಮಗಳನ್ನು ಹಿಡಿಯುವಷ್ಟು ಹತ್ತಿರ ಬಂದೆವು. ಆಗ ಬಿಸಿಲು ಹೊಡೆಯುತ್ತದೆಂದು ಮೇಡಂ ಒಂದು ದಿನ ಕಿಟಕಿಗೆ ಕರ್ಟನ್ ಎಳೆದರು.

ಆ ದಿನ ಯಜಮಾನರು ಮೊದಲನೇ ಲೆವೆಲ್ಲಿಗೆ ಬಂದು ಬಿದ್ದರು. ಮೇಡಂ ಹೊರಗೆ ಬಂದು ಕರ್ಟನ್ ನೋಡಿದರು, ಬೆಂಚು ನೋಡಿದರು, ನನ್ನನ್ನು ನೋಡಿದರು. ಬಳೆಯವರಿಗೆ ನಗು ತಡೆಯಲಾಗಲಿಲ್ಲ.

"ಅಕ್ಕಾ, ಇಷ್ಟು ದಿನ ಪಾಸಾಗಿದ್ದು ನೀವು ಬಿಡಿ. ಭಾಯ್‌ಸಾಬ್ ಇವತ್ತಿಂದ ಒಂದ್ನೇ ಕ್ಲಾಸು."

ಅಂದೇ ಮೇಡಂ ನನಗೆ ಪಾಠ ಹೇಳಿದರು. ನಾನು ಹೇಳಿಕೊಟ್ಟ ಕೂಡಲೇ ಅವರ ತಲೆ ಹುಡುಕುವುದನ್ನು ನಿಲ್ಲಿಸಿಬಿಡುತ್ತದಂತೆ. ಮನೆಯಲ್ಲಿ ಅವರು ನಿಂತುಬಿಟ್ಟರೆ ನಾನು ಬಾಯಿ ಬಿಡದೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಆಮೇಲೂ ಹೇಳಬಾರದು, ಮುಂದೇನು ಎಂದು ಕೇಳಬೇಕು, ಅಷ್ಟೆ. ಕಂಪ್ಯೂಟರಿನಲ್ಲಿ ಕಲಿತದ್ದು ಕಂಪ್ಯೂಟರಿನಲ್ಲೇ ಉಳಿದರೆ ಪ್ರಯೋಜನವಿಲ್ಲ, ಬಚ್ಚಲಿಗೂ ಹುಳು ಮನೆಗೂ ಅದು ಬರಬೇಕಾದರೆ ನೀವು ಸುಮ್ಮನಿರುವುದು ಕಲಿಯಬೇಕು ಎಂದರು. ತಲೆಯಾಡಿಸಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಟಿಣ್ ಎನ್ನಲು ಕಂಪ್ಯೂಟರಿಗೆ ಹಕ್ಕಿದೆ, ಶಭಾಷ್ ಎಂದು ನಕ್ಷತ್ರ ಉದುರಿಸಲು ಹಕ್ಕಿದೆ. ತಾಳಿ ಕಟ್ಟಿಸಿಕೊಂಡವಳು ಬಾಯಿ ಮುಚ್ಚಿಕೊಂಡು ಎಣಿಸಬೇಕು.

ಎಣಿಸಿದೆ. ಬಚ್ಚಲಿನಲ್ಲಿ ನೀರಿನ ಸದ್ದು ನಿಂತರೆ ಮುದ್ದೆಕೋಲು ಹಿಡಿದು ನಿಂತು ಎಣಿಸಿದೆ. ಎಷ್ಟೋ ಬೆಳಗು ಹತ್ತಾದ ಮೇಲೂ ಸದ್ದಿಲ್ಲ. ಮುಂದೇನು ರೀ ಎಂದರೂ ಚೊಂಬು ಏಳುತ್ತಿರಲಿಲ್ಲ. ಮುದ್ದೆ ಗಂಟಾಯಿತು, ಸಾರು ಉಕ್ಕಿತು. ಒಂದು ಬೆಳಗ್ಗೆ ಆರೋ ಏಳೋ ಎಣಿಸಿರುವಾಗ ಚೊಂಬು ಹಂಡೆಗೆ ತಗುಲಿದ ಸದ್ದು ಬಂತು. ಸೋಪಿನ ಡಬ್ಬಿ ಮುಚ್ಚಿದ ಸದ್ದೂ ಬಂತು. ಹಿಂದೆಂದೂ ಅವರು ಆ ಡಬ್ಬಿ ಮುಚ್ಚಿರಲಿಲ್ಲ, ಯಾಕೆಂದರೆ ಅದನ್ನು ಹೇಳಿಕೊಡಲು ನಾನೇ ಮರೆತಿದ್ದೆ. ಖುಷಿಯಾಗಬೇಕಿತ್ತು. ಆಯಿತು ಕೂಡ. ಅದರ ಹಿಂದೆಯೇ, ಇದನ್ನು ಕೋಲಾರದ ಆ ಕಂಪ್ಯೂಟರ್ ಡಬ್ಬ ಹೇಳಿಕೊಟ್ಟಿತಲ್ಲ, ನಾನಲ್ಲವಲ್ಲ ಎನ್ನುವುದೂ ಬಂತು.

ಹಕ್ಕಿಗಳಾದ ಮೇಲೆ ಮುಖಗಳ ಪಾಠ ಬಂತು. ಪರದೆಯ ಮೇಲೆ ಒಂದು ಮುಖ ಬರುತ್ತದೆ, ಗಂಡಸಿರಬಹುದು, ಹೆಂಗಸಿರಬಹುದು. ಕೆಳಗೆ ಆರು ಹೆಸರು: ಸಂತೋಷ, ದುಃಖ, ಕೋಪ, ಹೆದರಿಕೆ, ಅಸಹ್ಯ, ಆಶ್ಚರ್ಯ. ಯಾವುದೆಂದು ಒತ್ತಬೇಕು. ಇವರು ಮುಖ ನೋಡುವುದನ್ನೇ ಬಿಟ್ಟವರಲ್ಲವೇ, ಇದು ಆಗದ ಮಾತು ಎಂದುಕೊಂಡಿದ್ದೆ. ಒಂದು ದಿನ ಕರ್ಟನ್ನಿನ ಸಂದಿಯಲ್ಲಿ ಇಣುಕಿದೆ. ಯಜಮಾನರು ಮುಂದಕ್ಕೆ ಬಾಗಿ, ಯಾವಳೋ ಒಬ್ಬ ಹೆಂಗಸಿನ ಮುಖವನ್ನು ಹಣೆಯಿಂದ ಗದ್ದದವರೆಗೆ, ಗದ್ದದಿಂದ ಹಣೆಯವರೆಗೆ ನೋಡುತ್ತಿದ್ದರು. ಅಷ್ಟು ನಿಧಾನ, ಅಷ್ಟು ಆಸೆ. ನಮ್ಮ ಮದುವೆಯ ಹೊಸತರಲ್ಲಿ ಹುಳು ಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದ ನೋಟ ಅದು. ಆ ಹೆಂಗಸಿಗೆ ಹೆಸರಿಲ್ಲ, ಊರಿಲ್ಲ, ಕತ್ತಿನ ಕೆಳಗೆ ಮೈಯೂ ಇಲ್ಲ. ಆದರೂ ಅವಳ ಮೇಲೆ ನನಗೆ ಬಂದ ಕೋಪವನ್ನು ಇಲ್ಲಿ ಪೂರ್ತಿ ಬರೆದರೆ ನೀವು ನಗುತ್ತೀರಿ.

ಬಸ್ಸಿನಲ್ಲಿ ಯಜಮಾನರು ತಾವಾಗಿಯೇ ಮಾತಾಡಿದರು. ನಗುವವರ ಹಲ್ಲು ನೋಡಿ ಮೋಸ ಹೋಗಬಾರದಂತೆ, ಕಣ್ಣಿನ ಪಕ್ಕದ ಗೆರೆ ನೋಡಬೇಕಂತೆ. ಹೆದರಿಕೆಗೂ ಆಶ್ಚರ್ಯಕ್ಕೂ ಹುಬ್ಬಿನಲ್ಲಿ ವ್ಯತ್ಯಾಸವಿದೆಯಂತೆ. ಇದನ್ನೆಲ್ಲ ಮುಂದಿನ ಸೀಟಿನ ಬೆನ್ನಿಗೆ ಹೇಳುತ್ತಿದ್ದರು. ನಾನು ಮುಖವನ್ನು ಅವರ ಕಡೆ ತಿರುಗಿಸಿಟ್ಟುಕೊಂಡು, ಹುಬ್ಬು ಗಂಟಿಕ್ಕಿ, ಶ್ರೀನಿವಾಸಪುರ ಬರುವವರೆಗೂ ಕೂತಿದ್ದೆ. ಅವರು ಒಂದು ಸಲವೂ ನೋಡಲಿಲ್ಲ. ಬಳೆಯವರಿಗೆ ಇದನ್ನು ಹೇಳಿದಾಗ, "ನೀವೂ ಒಂದು ಫೋಟೋ ತೆಗ್ಸಿ ಆ ಕಂಪ್ಯೂಟರ್‌ಗೆ ಹಾಕ್ಸಿಬಿಡಿ ಅಕ್ಕಾ" ಎಂದರು.

ಮಗಳಿಗೆ ತಿಂಗಳು ಹತ್ತಿರ ಬರುತ್ತಿತ್ತು. ಆಗ ಮನೆಯಲ್ಲಿದ್ದ ಬೆಳೆ ಕೊನೆಯ ಜ್ವರಕ್ಕೆ ಕೂತಿತ್ತು. ಅದು ಏಳುವ ದಿನ ಬೆಳಗ್ಗೆ ಬ್ಲೀಚಿಂಗ್ ನೀರಿಗೆ ಕಾಲದ್ದಿ ನಾನು ಹುಳು ಮನೆಗೆ ಹೋದೆ. ಸೊಪ್ಪಿನ ಕಡ್ಡಿಗಳ ಹೊರೆ ತೋಳಿನ ಮೇಲಿತ್ತು. ಬೇಕಾದಷ್ಟು ಹುಳು ಎದ್ದು ತಲೆ ಆಡಿಸುತ್ತಿದ್ದವು. ಆ ದಿನ ಆಸ್ಪತ್ರೆಗೆ ತೋರಿಸಲು ಮಗಳ ಜೊತೆ ಹೋಗಬೇಕಿತ್ತು, ಬಸ್ಸಿನ ಹೊತ್ತು. ಹಾಕಿಬಿಡೋಣ ಎಂದು ಮೊದಲ ಕಡ್ಡಿ ಇಡಲು ಬಾಗಿದೆ. ಯಜಮಾನರು ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದರು.

"ಇರೇ. ಇನ್ನೂ ಎದ್ದಿಲ್ಲ."

ಎಲ್ಲಿ ಎದ್ದಿಲ್ಲ ಎಂದೆ. ಬಾಯಿ ತುದಿಗೆ ಬಂದ ಮಾತು ನುಂಗಿ ಎಣಿಸಿದೆ. ಆಮೇಲೆ ಅವರು ಬೆರಳು ತೋರಿಸಿದರು: ಕೆಳಗಿನ ಅಟ್ಟಣಿಗೆ, ಗೋಡೆ ಕಡೆಯ ಮೂಲೆ. ಬಾಗಿ ನೋಡಿದರೆ ಅಲ್ಲಿ ಒಂದು ಮೊರದಗಲದಷ್ಟು ಹುಳು ತಲೆ ಮೇಲೆತ್ತಿ ಇನ್ನೂ ಧ್ಯಾನದಲ್ಲಿದ್ದವು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಮಧ್ಯಾಹ್ನ ಹಾಕೋಣ. ನೀನು ಹೋಗು. ನಾನು ಹಾಕ್ತೀನಿ."

ಯಾರು ಹೇಳಿಕೊಟ್ಟರು ಎಂದು ಕೇಳದಿರಲಾಗಲಿಲ್ಲ. ಹಕ್ಕಿ ಆಟದಲ್ಲೂ ಹಾಗೇ, ಬೇಗ ಒತ್ತಿದರೆ ತಪ್ಪು, ಕಾದು ನೋಡಿ ಒತ್ತಬೇಕು ಎಂದರು. ಮತ್ತೆ ಅದೇ ಡಬ್ಬ. ಜ್ವರ ಏಳುವುದನ್ನು ಕಾಯುವುದು ಅವರಿಗೆ ಅವರ ಅಪ್ಪ ಕಲಿಸಿದ್ದು, ನಾನು ಇಷ್ಟು ವರ್ಷ ಪ್ರತಿ ಬೆಳೆಗೂ ಬಾಯಲ್ಲಿ ಹೇಳಿದ್ದು. ನಕ್ಷತ್ರ ಉದುರಿದ್ದು ಮಾತ್ರ ಅದಕ್ಕೆ. ಬಸ್ಸಿನಲ್ಲಿ ಕೂತು ಬಹಳ ಹೊತ್ತು ಮಣಿಕಟ್ಟು ಸವರಿಕೊಳ್ಳುತ್ತಿದ್ದೆ. ಸಂಜೆ ಬಂದು ನೋಡಿದರೆ ಸೊಪ್ಪು ಮೂಲೆಮೂಲೆಗೂ ಒಂದೇ ಸಮ ಬಿದ್ದಿತ್ತು.

ಆ ಬೆಳೆಯ ಗೂಡು ಮಾರಿ, ಹುಳು ಮನೆ ತೊಳೆದ ಮೇಲೆ, ನಾನು ಹೊರಡುವ ಮಾತು ಬಂತು. ಬರೋ ಬೆಳೆ ಬಿಟ್ಟುಬಿಡೋಣ, ನೀವೊಬ್ಬರೇ ಆಗ್ತೀರಿ ಎಂದೆ. ಬಿಡುವುದು ಬೇಡ ಎಂದರು. ಮೇಡಂ ಕೇಳಿದ್ದಕ್ಕೂ ಹಾಗೆಯೇ ಹೇಳಿದರಂತೆ. ಊಟಕ್ಕೆ ಓರಗಿತ್ತಿ, ಮಾತ್ರೆಗೆ ಫೋನಿನ ಅಲಾರಂ, ಸೊಪ್ಪು ಕಡಿಯಲು ಕೂಲಿಯಾಳು. ಹಾಕುವುದು, ಹಾಕದೆ ಕಾಯುವುದು ಅವರದು. ಮೊದಲ ಸಲ ಅವರೇ ನನ್ನ ಚೀಲ ಎತ್ತಿಕೊಂಡು ಬಸ್ ಸ್ಟಾಪಿಗೆ ಬಂದರು. ಮುಂದೇನು ಎಂದು ನಾನು ಕೇಳಬೇಕಾಗಲಿಲ್ಲ, ಬಸ್ಸು ಬಂದಾಗ ಅವರೇ ಕೈ ತೋರಿಸಿ ನಿಲ್ಲಿಸಿದರು.

ಮಾಲೂರಿನಲ್ಲಿ ಮಗಳಿಗೆ ಗಂಡು ಮಗುವಾಯಿತು. ಆಸೆಪಟ್ಟ ಬಚ್ಚಲು ಕೊನೆಗೂ ನನ್ನ ಕೈಗೆ ಬಂತು. ಬೀಗಿತ್ತಿ ಬಚ್ಚಲ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತರು. ಸೊಂಟಕ್ಕೆ ಇನ್ನೂ ಬಿಸಿ ಹಾಕಿ. ಆ ಪಾತ್ರೆ ಅಲ್ಲ, ಈ ಪಾತ್ರೆ. ಈಗ ಸೀಗೆಪುಡಿ. ತಲೆಗೆ ಬಟ್ಟೆ ಸುತ್ತಿ. ಮಾತು ನಿಲ್ಲುತ್ತಿರಲಿಲ್ಲ. ಹೆತ್ತು ಸಾಕಿದವಳಿಗೆ ಗೊತ್ತಿಲ್ಲವೇ ಎನ್ನಬೇಕೆಂದು ತಿರುಗಿದರೆ, ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಮುಂದೆ ಏನು ಮಾಡಲಿದ್ದೆ ಎನ್ನುವುದು ತಲೆಯಿಂದ ಹಾರಿಹೋಗಿತ್ತು. ಬೀಗಿತ್ತಿ ಹೇಳುವವರೆಗೆ ನಾನು ಚೊಂಬು ಹಿಡಿದು ನಿಂತೇ ಇದ್ದೆ.

ಊರಿಗೆ ದಿನಾ ಫೋನು ಮಾಡುತ್ತಿದ್ದೆ. ಅವರು ಒಂದೊಂದೇ ಮಾತಿನಲ್ಲಿ ಹೇಳುತ್ತಿದ್ದರು: ಹುಳು ಮರಿ ಬಂತು, ಮೇಯ್ತಿದೆ, ಜ್ವರಕ್ಕೆ ಕೂತಿದೆ. ಬೆಳೆ ಕೆಡಲಿಲ್ಲ. ಮಾತ್ರೆ ತಪ್ಪಲಿಲ್ಲ. ಒಂದು ದಿನ ಸೊಪ್ಪು ಒದ್ದೆಯಾಗಿತ್ತಂತೆ, ಆರಲೆಂದು ಕಾದು, ಓರಗಿತ್ತಿ ಕಳಿಸಿದ ಊಟ ಮರೆತಿದ್ದರಂತೆ. ಅದಿಷ್ಟೇ. ಓರಗಿತ್ತಿ ಫೋನು ತೆಗೆದುಕೊಂಡು, ಪರವಾಗಿಲ್ಲ ಕಣಕ್ಕಾ, ನೀನು ನಿಧಾನಕ್ಕೆ ಬಾ ಎಂದಳು. ನಿಧಾನಕ್ಕೆ ಬಾ ಎನ್ನುವ ಮಾತು ಇಷ್ಟು ಚುಚ್ಚಬಹುದೆಂದು ನನಗೆ ಗೊತ್ತಿರಲಿಲ್ಲ. ಹುಳುಗಳ ಮೇಲೂ ಹೊಟ್ಟೆ ಉರಿಯಿತು. ನಾನಿಲ್ಲದೆ ಒಂದಾದರೂ ಸೊರಗಬಾರದೇ.

ಮಗುವಿನ ಮುಖ ತೋರಿಸಬೇಕೆಂದು ಒಂದು ಸಂಜೆ ಮಗಳು ವಿಡಿಯೋ ಕಾಲ್ ಮಾಡಿದಳು. ಆ ಕಡೆ ಹುಳು ಮನೆಯ ಬಾಗಿಲು, ಅದರ ಮುಂದೆ ಯಜಮಾನರು. ಭುಜದ ಮೇಲೆ ಸುಣ್ಣದ ಪುಡಿ. ಮೊಮ್ಮಗನನ್ನು ನೋಡಿ ನಕ್ಕರು, ಹಲ್ಲಿನಲ್ಲೂ ನಕ್ಕರು, ಕಣ್ಣಿನ ಪಕ್ಕದಲ್ಲೂ ನಕ್ಕರು. ಮಗು ಅಳತೊಡಗಿತು. ಮಗಳು ಫೋನನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದಳು.

ಹುಳು ಹೇಗಿದೆ ಎಂದೆ. ಹಣ್ಣಾಗೋಕೆ ಬಂದಿದೆ, ಗೂಡು ಕಟ್ಟೋಕೆ ನಾಳೆ ಚಂದ್ರಿಕೆಗೆ ಬಿಡ್ತೀನಿ ಎಂದರು. ಮೇಡಂ ಹತ್ತಿರ ಹೋಗಿದ್ದಿರಾ ಎಂದೆ. ಹೋಗಿದ್ದೆ, ಒಬ್ಬನೇ, ಎಂದರು. ಆಗ ಯಜಮಾನರು ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡರು. ಮುಂದಕ್ಕೆ ಬಾಗಿದರು. ಹಣೆಯಿಂದ ಗದ್ದದವರೆಗೆ, ಗದ್ದದಿಂದ ಹಣೆಯವರೆಗೆ, ಅದೇ ನಿಧಾನದಲ್ಲಿ ನನ್ನನ್ನು ನೋಡತೊಡಗಿದರು. ಮಾಲೂರಿನಷ್ಟು ದೂರ ಬಂದು, ಒಂದು ಪರದೆಯೊಳಗೆ ಕೂತ ಮೇಲೆ, ನಾನು ಅವರಿಗೆ ಮುಖವಾಗಿದ್ದೆ. ಕೂದಲು ಕೆದರಿತ್ತು, ಸೆರಗಿಗೆ ಬಜೆಯ ಕಲೆ. ಸರಿಮಾಡಿಕೊಳ್ಳಲಿಲ್ಲ. ಅಲ್ಲಾಡಿದರೆ ಎಲ್ಲಿ ನೋಟ ಬೇರೆ ಕಡೆ ಹೋಗುತ್ತದೋ ಎಂದು ಹಾಗೇ ಕೂತೆ.

"ಕೋಪ ಅಲ್ಲ" ಎಂದರು. ಆಮೇಲೆ, "ದುಃಖಾನೂ ಅಲ್ಲ."

ಹುಬ್ಬು ನೋಡಿದರು, ತುಟಿ ನೋಡಿದರು. ಆರನ್ನೂ ಒಂದೊಂದಾಗಿ ಇಟ್ಟು ತೆಗೆಯುತ್ತಿದ್ದದ್ದು ನನಗೆ ಕಾಣುತ್ತಿತ್ತು.

"ಇದು ಅದ್ರಲ್ಲಿ ಇಲ್ಲ ಕಣೇ. ಏನಿದು?"

ಉತ್ತರ ನನಗೆ ಗೊತ್ತಿತ್ತು, ಕೋಲಾರದ ಆ ಬೆಂಚಿನಿಂದ ಹೊತ್ತು ತಂದದ್ದೇ ಅದು. ತುಟಿಯವರೆಗೂ ಬಂತು. ಹೇಳಿಕೊಡಲಿಲ್ಲ. ಅವರು ನೋಡುತ್ತಲೇ ಇದ್ದರು, ನಾನು ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ಶುರು ಮಾಡಿದೆ.